ದೊಡ್ಡಪ್ಪನ ಮಳೆ ಪುಸ್ತಕ ವರ್ಡ್ ಫೈಲಾದದ್ದು

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಅಂತ ಒಂದು ಇರುತ್ತದೆ. ಅಂಗಳದ ಬಯಲಲ್ಲಿ ಮಳೆ ಅಳೆಯುವ ಡಬ್ಬಿ. ದಿನಾ ಬೆಳಿಗ್ಗೆ ಅದರಲ್ಲಿ ಕೂಡಿದ ನೀರನ್ನು ಗೀಟು ಹಾಕಿದ ಜಾರಿಗೆ ಬಗ್ಗಿಸಿ ನೋಡುವುದು, ಪುಸ್ತಕದಲ್ಲಿ ಬರೆಯುವುದು. ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಹವಾಮಾನ ಇಲಾಖೆ ಮಿಲಿಮೀಟರ್ ಅಂತ ಎಷ್ಟೇ ಹೇಳಲಿ, ತೋಟದವರು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?" ಅಂತಲೇ.

ಇದು ಸುಮ್ನೆ ಹವ್ಯಾಸ ಅಲ್ಲ. ರೊಬಸ್ಟಾ ಜಾತಿಯ ಕಾಫಿ ಗಿಡ ಹೂ ಬಿಡಬೇಕಾದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಂದು ಹದವಾದ ಮಳೆ ಬೇಕು, ಹೆಚ್ಚುಕಮ್ಮಿ ಒಂದು ಇಂಚು. ಅದೇ ಹೂ ಮಳೆ. ಅದು ಬಿದ್ದ ವಾರ ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಮೊದಲ ಮಳೆ ಅರ್ಧಕ್ಕೇ ನಿಂತರೆ ಮೊಗ್ಗು ಅರೆಬರೆ ಅರಳಿ ಫಸಲಿಗೆ ಪೆಟ್ಟು. ಹಾಗಾಗಿ ಹತ್ತು ಸೆಂಟ್ ವ್ಯತ್ಯಾಸವೂ ಇಲ್ಲಿ ದೊಡ್ಡ ಸುದ್ದಿ.

ನಮ್ಮ ದೊಡ್ಡಪ್ಪನ ಮನೆಯಲ್ಲಿ ಇಂಥ ಪುಸ್ತಕಗಳ ಒಂದು ಕಟ್ಟೇ ಇದೆ. ಹಳೆಯವು ಅಜ್ಜ ಬರೆದದ್ದು, ಉದ್ದನೆಯ ಲೆಕ್ಕದ ಪುಸ್ತಕಗಳು. ಆಮೇಲಿನವು ದೊಡ್ಡಪ್ಪನವು. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ, ಮಕ್ಕಳ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ, ಕೈಗೆ ಸಿಕ್ಕಿದ್ದೆಲ್ಲ. ಮಲೆನಾಡಿನ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟುತ್ತಿವೆ, ಕೆಲವು ಅಂಚು ಹುಳುವಿನ ಪಾಲಾಗಿದೆ.

ಈಗ ತೋಟ ನೋಡಿಕೊಳ್ಳುವವನು ದೊಡ್ಡಪ್ಪನ ಮಗ, ನನಗೆ ಅಣ್ಣ. ಅವನಿಗೆ ಬೇಕಾದದ್ದು ಪಟ್ಟಿ. ಯಾವ ವರ್ಷ ಹೂ ಮಳೆ ಯಾವಾಗ ಬಂತು, ಜೂನ್‌ನಲ್ಲಿ ಒಟ್ಟು ಎಷ್ಟು ಇಂಚು, ಹುಡುಕಿದರೆ ಸಿಗಬೇಕು, ಕೂಡಿದರೆ ಕೂಡಬೇಕು. ದೊಡ್ಡಪ್ಪನ ಹಟ ಬೇರೆ. "ಟೈಪ್ ಮಾಡಿದ್ರೆ ಅದು ನಿನ್ನ ಪುಸ್ತಕ ಆಗುತ್ತೆ ಪುಟ್ಟಿ. ಅಪ್ಪ ಬರ್ದಿದ್ದು ಅಪ್ಪ ಬರ್ದ ಹಾಗೇ ಇರ್ಬೇಕು." ಕಚೇರಿಯಲ್ಲಿ ಕನ್ನಡ ಟೈಪಿಂಗ್ ನನ್ನ ಕೆಲಸವೇ ಆದ್ದರಿಂದ ಕಟ್ಟು ನನ್ನ ಕೈಗೆ ಬಂತು, ಇಬ್ಬರ ಹಟದ ಸಮೇತ.

ಮೊದಲ ಕೆಲಸ ಪುಟಗಳ ಚಿತ್ರ ತೆಗೆಯುವುದು. ಸ್ಕ್ಯಾನರ್ ಗಾಜಿನ ಮೇಲೆ ಕವುಚಿ ಹಾಕಿದರೆ ಹಳೆಯ ಪುಸ್ತಕದ ಬೆನ್ನು ಮುರಿಯುತ್ತದೆ. ಹಾಗಾಗಿ ಫೋನ್. ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ, ಬೆಳಕು ಒಂದು ಪಕ್ಕದಿಂದ ಬರುವ ಹಾಗೆ. ಅಜ್ಜ ಮಸಿ ಪೆನ್ನಿನಲ್ಲಿ ಬರೆದಿದ್ದರಿಂದ ಹಾಳೆಯ ಹಿಂದಿನ ಬರಹವೂ ಮುಂದೆ ಇಣುಕುತ್ತಿತ್ತು. ಹಾಳೆಯ ಕೆಳಗೆ ಒಂದು ಕಪ್ಪು ಕಾಗದ ಇಟ್ಟರೆ ಆ ಇಣುಕುವುದು ಎಷ್ಟೋ ಕಮ್ಮಿಯಾಗುತ್ತದೆ. ಬಿಳಿ ಕಾಗದ ಇಟ್ಟರೆ ಉಲ್ಟಾ ಜಾಸ್ತಿ ಕಾಣುತ್ತದೆ. ಚಿತ್ರದ ಫೈಲಿಗೆ ವರ್ಷ, ತಿಂಗಳು ಸೇರಿಸಿ ಹೆಸರು ಕೊಟ್ಟೆ. ಇದು ಬೇಜಾರಿನ ಕೆಲಸ, ಆದರೆ ಆಗಲೇ ಮಾಡದಿದ್ದರೆ ಮುಂದೆ ಯಾವ ಪುಟ ಯಾವುದು ಅಂತ ಗೊತ್ತಾಗುವುದಿಲ್ಲ. ಅಜ್ಜ ಎಷ್ಟೋ ಪುಟದಲ್ಲಿ ವರ್ಷವನ್ನೇ ಬರೆದಿಲ್ಲ. ಅವರಿಗೆ ಯಾಕೆ ಬೇಕು, ಅವರು ಆ ವರ್ಷದಲ್ಲೇ ಇದ್ದರಲ್ವಾ.

ಯಂತ್ರವೇ ಓದಿ ಟೈಪ್ ಮಾಡಿಕೊಡುತ್ತದಲ್ಲ ಅಂತ ಅಣ್ಣನ ಆಸೆ. ಅಚ್ಚಾದ ಕನ್ನಡಕ್ಕೆ ಅದು ನಿಜ. ಪುಸ್ತಕದೊಳಗೆ ಮಡಿಸಿಟ್ಟಿದ್ದ ಒಂದು ಅಚ್ಚಿನ ಸುತ್ತೋಲೆಯ ಫೋಟೋವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆ ಅಂದರೆ ಚಿತ್ರದ ಕೆಳಗೆ ಅಕ್ಷರಗಳೂ ಬಂದವು, ಅಲ್ಲಲ್ಲಿ ಒತ್ತು ತಿದ್ದಿದರೆ ಸಾಕಿತ್ತು. ಕೈಬರಹದ ಮಾತೇ ಬೇರೆ. ಅಜ್ಜನದು ಕೂಡಕ್ಷರ. ಪೆನ್ನು ಎತ್ತದೆ ಮೂರು ಅಕ್ಷರ ಎಳೆಯುತ್ತಿದ್ದರು. ಥ ಮತ್ತು ಧ ಒಂದೇ, ಮ ಮತ್ತು ವ ಒಂದೇ. ಮೇಲಾಗಿ ಅಂಕಿಗಳೆಲ್ಲ ಕನ್ನಡದವು. ಕನ್ನಡದ ಸೊನ್ನೆ ಮತ್ತು ಅನುಸ್ವಾರ ಅಚ್ಚಿನಲ್ಲೇ ಒಂದೇ ಥರ. ೧ ಅನ್ನುವುದು ಕೈಬರಹದಲ್ಲಿ ಗ ಆಗಿ ಕಾಣುತ್ತದೆ. ಮಳೆ ಪುಸ್ತಕದಲ್ಲಿ ಅಂಕಿಯೇ ತಪ್ಪಿದರೆ ಉಳಿದದ್ದೇನು? ಕೈಯಲ್ಲೇ ಟೈಪ್ ಮಾಡುವುದು ಅಂತ ನಿರ್ಧಾರವಾಯಿತು. ನನ್ನನ್ನು ಕೇಳಿದರೆ ಹಳೆಯ ಕನ್ನಡ ಕೈಬರಹಕ್ಕೆ ಈಗಲೂ ಅದೇ ಸರಿ. ಯಂತ್ರದ ತಪ್ಪನ್ನು ಹುಡುಕಿ ತಿದ್ದುವ ಹೊತ್ತಿಗೆ ಎರಡು ಸಲ ಟೈಪ್ ಮಾಡಬಹುದು.

ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ್ದು, ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಇರುವ ಅದೇ ವಿನ್ಯಾಸ. ವ್ಯಂಜನ ಒತ್ತಿದರೆ ಅಕಾರ ಸೇರಿಕೊಂಡೇ ಬರುತ್ತದೆ, ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀಲಿ. ಬೆರಳಿಗೆ ಒಮ್ಮೆ ಕೂತರೆ ಯೋಚಿಸುವ ಕೆಲಸವೇ ಇಲ್ಲ. ಅಣ್ಣ ಕೆಲವು ಪುಟಗಳನ್ನು ಫೋನಿನಲ್ಲಿ ಓದಿ ಹೇಳಿ ಧ್ವನಿಯಿಂದ ಟೈಪ್ ಮಾಡಿದ. ವಾಕ್ಯಗಳಿಗೆ ಪರವಾಗಿಲ್ಲ. ಆದರೆ "ಒಂದು ಇಪ್ಪತ್ತೈದು" ಅಂದದ್ದು ಒಂದು ಕಡೆ 125, ಇನ್ನೊಂದು ಕಡೆ 1 25 ಆಯಿತು. ಅಂಕಿಗೆ ಧ್ವನಿ ಬೇಡ ಅಂತ ಅಲ್ಲಿಗೆ ನಿಂತಿತು.

ನಡುವಿನ ಕೆಲವು ವರ್ಷಗಳನ್ನು ಅತ್ತಿಗೆ ಹಿಂದೆ ಯಾವಾಗಲೋ ಟೈಪ್ ಮಾಡಿಟ್ಟಿದ್ದರು. ಸಂತೋಷದಿಂದ ಫೈಲು ತೆರೆದರೆ ಪೌಂಡಿನ ಗುರುತು, ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಎ, ಇವೇ ಸಾಲು ಸಾಲು. ಯೂನಿಕೋಡ್, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಕ್ರಮ, ಬಳಕೆಗೆ ಬರುವ ಮೊದಲಿನ ಪದ್ಧತಿ ಅದು. ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಆ ಫಾಂಟು ಅವಕ್ಕೆ ಕನ್ನಡದ ರೂಪ ತೊಡಿಸುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತದೆ. ನುಡಿಯ ಹಳೆಯ ಫಾಂಟು ಹಾಕಿದ ಮೇಲೆ ಓದಲು ಬಂತು. ಹುಡುಕಲು ಮಾತ್ರ ಬರುವುದಿಲ್ಲ. ಅದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ, ಅದರಲ್ಲಿ ಹಾಯಿಸಿದೆ. ಕೆಲವು ಶಬ್ದ ವಿಚಿತ್ರವಾಗಿ ಮುರಿದಿದ್ದವು. ಕಾರಣ ವರ್ಡ್‌ನ ಆಟೋಕರೆಕ್ಟ್. ವಾಕ್ಯದ ಮೊದಲ ಅಕ್ಷರವನ್ನು ಅದು ದೊಡ್ಡಕ್ಷರ ಮಾಡುತ್ತದೆ. ಹಳೆಯ ಫಾಂಟಿನಲ್ಲಿ ಚಿಕ್ಕಕ್ಷರ ಒಂದು ಕನ್ನಡ ಅಕ್ಷರವಾದರೆ ದೊಡ್ಡಕ್ಷರ ಇನ್ನೊಂದು. ಹಾಗೆ ಎಷ್ಟೋ ವಾಕ್ಯದ ಮೊದಲ ಅಕ್ಷರವೇ ಬೇರೆಯಾಗಿ ಕೂತಿತ್ತು. ಪುಟದ ಚಿತ್ರ ಪಕ್ಕದಲ್ಲಿ ಇದ್ದದ್ದಕ್ಕೆ ಸರಿಮಾಡಲು ಆಯಿತು.

ಇನ್ನು ಅಂಕಿಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪುಸ್ತಕದಲ್ಲಿ "1-25" ಅಂತ ಇದ್ದರೆ ಒಂದು ಇಂಚು ಇಪ್ಪತ್ತೈದು ಸೆಂಟ್. ಹಾಗಾದರೆ "1-5"? ನೋಡಿದ ಕೂಡಲೇ ಒಂದೂವರೆ ಅನ್ನಿಸುತ್ತದೆ. ಟೈಪ್ ಮಾಡುವ ಮೊದಲೇ ದೊಡ್ಡಪ್ಪನನ್ನು ಕೇಳಿದೆ.

"ಒಂದೂವರೆ ಆದ್ರೆ ಅಪ್ಪ ಒಂದು ಐವತ್ತು ಅಂತ ಬರೀತಿದ್ರು. ಇದು ಒಂದು ಇಂಚು ಐದು ಸೆಂಟ್. ಆದ್ರೆ ನಂದು ನೋಡ್ಬೇಡ, ನಾನು ಎರಡೂ ಥರ ಬರ್ದಿದೀನಿ."

"ಹಾಗಾದ್ರೆ ನಿಮ್ದು ಹೇಗೆ ಗೊತ್ತಾಗ್ಬೇಕು ದೊಡ್ಡಪ್ಪ?"

"ತಿಂಗಳ ಕೊನೇಲಿ ಒಟ್ಟು ಹಾಕಿದೀನಲ್ಲ. ಕೂಡಿ ನೋಡು. ಯಾವುದು ತಾಳೆ ಆಗುತ್ತೋ ಅದು."

ಸರಿಯಾದ ಮಾತು. ಟೈಪ್ ಮಾಡಿದ ಕಾಲಮ್ಮಿನಲ್ಲಿ ಎಲ್ಲವನ್ನೂ 1.05, 1.50 ಅಂತ ಎರಡು ಸ್ಥಾನದ ದಶಮಾಂಶಕ್ಕೆ ತಂದೆ. ಅಂಕಿಗಳು 1, 2, 3 ರೂಪದಲ್ಲೇ, ಅಜ್ಜನ ಪುಟಗಳಿಗೂ ಅದೇ. ಕೂಡಿಸಲು ಬರಬೇಕಲ್ಲ. ಅಡ್ಡಗೆರೆಯನ್ನು ಹಾಗೇ ಬಿಡದಿರಲು ಇನ್ನೊಂದು ಕಾರಣವಿದೆ. ಅಣ್ಣ ಈ ಪಟ್ಟಿಯನ್ನು ಎಕ್ಸೆಲ್‌ಗೆ ಅಂಟಿಸುತ್ತಾನೆ ಅಂತ ಗೊತ್ತಿತ್ತು. "1-25" ಅನ್ನು ಎಕ್ಸೆಲ್ ತಾರೀಕು ಅಂದುಕೊಂಡುಬಿಡುತ್ತದೆ. ಒಂದು ಇಂಚು ಇಪ್ಪತ್ತೈದು ಸೆಂಟ್ ಮಳೆ ಜನವರಿ ಆಗಿ ಕೂರುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಕೆಲವು ದಿನ ಗೆರೆ ಎಳೆದಿದ್ದಾರೆ, ಕೆಲವು ದಿನ ಖಾಲಿ ಬಿಟ್ಟಿದ್ದಾರೆ. ಗೆರೆ ಅಂದರೆ ಮಳೆ ಇಲ್ಲ. ಖಾಲಿ ಅಂದರೆ ಅಳೆದಿಲ್ಲ, ಊರಲ್ಲಿ ಇರಲಿಲ್ಲ. ಎರಡಕ್ಕೂ ಸೊನ್ನೆ ಹಾಕಿದರೆ ಯಾವುದೋ ಮದುವೆಗೆ ಹೋಗಿದ್ದ ವಾರವೆಲ್ಲ ಬರಗಾಲ. ಅಲ್ಲಲ್ಲಿ "ಹನಿ" ಅಂತ ಇದೆ. ನೆಲ ಒದ್ದೆಯಾಗಿದೆ, ಜಾರಿನಲ್ಲಿ ಏನೂ ಸಿಕ್ಕಿಲ್ಲ. ಅಂಥ ಕಡೆ ಅಂಕಿಯ ಕಾಲಮ್ಮಿನಲ್ಲಿ 0, ಷರಾ ಕಾಲಮ್ಮಿನಲ್ಲಿ ಹನಿ. ಮೇಲಿನ ಸಾಲಿನದ್ದೇ ಅನ್ನುವುದಕ್ಕೆ ಅಜ್ಜ ಎರಡು ಚುಕ್ಕೆ ಹಾಕುತ್ತಿದ್ದರು. ಟೈಪ್ ಮಾಡುವಾಗ ಪ್ರತಿ ಸಲ ಪೂರ್ತಿ ಬರೆದೆ.

ಮಳೆಯ ಹೆಸರುಗಳಿಗೂ ಹೀಗೇ ಒಂದು ಕಟ್ಟು ಬೇಕಾಯಿತು. ಒಂದೊಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ಜೂನ್ ಮೊದಲ ವಾರ ಕಳೆಯುವಾಗ ಮೃಗಶಿರ, 21–22ರ ಹೊತ್ತಿಗೆ ಆರಿದ್ರಾ, ಜುಲೈನಲ್ಲಿ ಪುನರ್ವಸು, ಪುಷ್ಯ. ಅಜ್ಜ ಒಂದು ವರ್ಷ ಆರಿದ್ರೆ ಅಂತ ಬರೆದರೆ ಇನ್ನೊಂದು ವರ್ಷ ಆರ್ದ್ರ. ಹುಡುಕುವವನಿಗೆ ಒಂದೇ ರೂಪ ಬೇಕು. ಆದ್ದರಿಂದ "ಮಳೆ" ಅನ್ನುವ ಕಾಲಮ್ಮಿನಲ್ಲಿ ಎಲ್ಲ ಕಡೆ ಆರಿದ್ರಾ. ಅಜ್ಜನ ಕಾಗುಣಿತ ಚಿತ್ರದಲ್ಲಿ ಇದ್ದೇ ಇದೆ. "ಕಾರ್ಯ" ಅನ್ನುವುದನ್ನು ಅವರು ರ ಮೇಲೆ ಬರೆದು ಕೆಳಗೆ ಯ ಒತ್ತು ಕೊಟ್ಟು "ಕಾರ‍್ಯ" ಅಂತಲೇ ಬರೆಯುತ್ತಿದ್ದರು. ವರ್ಡ್‌ನಲ್ಲಿ ಹಾಗೆ ತರಲು ಬರುತ್ತದೆ. ರ ಆದ ಮೇಲೆ 200ಡಿ ಅಂತ ಇಂಗ್ಲಿಷಿನಲ್ಲಿ ಹೊಡೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಕಣ್ಣಿಗೆ ಕಾಣದ ಒಂದು ಅಂಟು ಅಕ್ಷರ ಬರುತ್ತದೆ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ಯ. ತಂದು ನೋಡಿ ಖುಷಿಪಟ್ಟು ಬಿಟ್ಟುಬಿಟ್ಟೆ. ಕಂಪ್ಯೂಟರಿಗೆ ಆ ಎರಡೂ ಬೇರೆ ಬೇರೆ ಅಕ್ಷರಗಳ ಸಾಲು. ಟೈಪ್ ಮಾಡಿದ ಕಡೆ ಅರ್ಕಾವತ್ತು, ಚಿತ್ರದ ಕಡೆ ಅಜ್ಜನ ರ.

ಹೀಗೆ ಒಂದು ಕಡೆ ಚಿತ್ರ, ಒಂದು ಕಡೆ ಟೈಪು ಅಂತ ಫೈಲಿನ ಆಕಾರ ತಾನಾಗಿ ಗೊತ್ತಾಯಿತು. ಕೈಬರಹ ಹೇಳುವುದನ್ನು ಟೈಪು ಹೇಳಲಾರದು. ಒಂದು ಅಂಕಿ ಮಸಿಯಲ್ಲಿದೆ, ಪಕ್ಕದ ತಿದ್ದುಪಡಿ ಪೆನ್ಸಿಲ್‌ನಲ್ಲಿದೆ. ಯಾರೋ ಆಮೇಲೆ ತಿದ್ದಿದ್ದಾರೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ. 2019ರ ಆಗಸ್ಟ್ ಪುಟ ತೆಗೆದರೆ ಸಾಕು. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದ ವಾರ ಅದು. ಜಾರ್ ತುಂಬಿ, ಚೆಲ್ಲಿ, ಮತ್ತೆ ತುಂಬಿ, ಮೂರು ಸಲ ಅಳೆದು ಕೂಡಿದ ಲೆಕ್ಕ ಒಂದೇ ಚೌಕದೊಳಗೆ ಒತ್ತಿ ಬರೆದಿದೆ. ಹಾಳೆಯ ಮೇಲೆ ನೀರು ಬಿದ್ದು ಮಸಿ ಹರಡಿದೆ. ಟೈಪ್ ಮಾಡಿದ ಕಡೆ ಅದು ಒಂದು ಅಂಕಿ ಅಷ್ಟೇ. ಅಣ್ಣನಿಗೆ ಆ ಅಂಕಿ ಬೇಕು, ಅದೂ ಸರಿಯೇ.

ವರ್ಡ್‌ನಲ್ಲಿ ಚಿತ್ರ ಮತ್ತು ಪಠ್ಯ ಅಕ್ಕಪಕ್ಕ ನಿಲ್ಲಿಸುವುದಕ್ಕೆ ಹಲವು ದಾರಿ. ಚಿತ್ರವನ್ನು ತೇಲಲು ಬಿಟ್ಟು ಸುತ್ತ ಪಠ್ಯ ಹರಿಸಬಹುದು. ಒಂದೆರಡು ಪುಟಕ್ಕೆ ಚೆಂದ. ನೂರಾರು ಪುಟದ ಫೈಲಿನಲ್ಲಿ ಮೇಲೆ ಎಲ್ಲೋ ಎರಡು ಸಾಲು ಸೇರಿಸಿದರೆ ಕೆಳಗಿನ ಚಿತ್ರಗಳೆಲ್ಲ ಗುಳೆ ಹೊರಡುತ್ತವೆ. ನನಗೆ ಒಗ್ಗಿದ್ದು ಟೇಬಲ್. ಎರಡು ಕಾಲಮ್ಮು, ಎಡಕ್ಕೆ ಪುಟದ ಚಿತ್ರ, ಬಲಕ್ಕೆ ಟೈಪು. ಚಿತ್ರ ಪಠ್ಯದ ಸಾಲಿನಲ್ಲೇ ಕೂತಿರುವ ಹಾಗೆ, ಅಂದರೆ ಇನ್‌ಲೈನ್. ಟೇಬಲ್ಲಿನ ಆಯ್ಕೆಗಳಲ್ಲಿ ಎರಡನ್ನು ಮರೆಯಬಾರದು. ಒಳಗಿನ ವಸ್ತುವಿಗೆ ತಕ್ಕ ಹಾಗೆ ಅಗಲ ತಾನೇ ಬದಲಾಗುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ದೊಡ್ಡ ಚಿತ್ರ ಹಾಕಿದ ಕೂಡಲೇ ಬಲಗಡೆ ಕಾಲಮ್ಮು ಬೆರಳಗಲ ಆಗುತ್ತದೆ. ಇನ್ನೊಂದು, ಒಂದು ಅಡ್ಡಸಾಲು ಎರಡು ಪುಟಕ್ಕೆ ಒಡೆಯದ ಹಾಗೆ ಗುರುತು ತೆಗೆಯಬೇಕು.

ಚಿತ್ರಗಳ ಸ್ಪಷ್ಟತೆ ಇನ್ನೊಂದು ತಲೆಬಿಸಿ. ಫೈಲನ್ನು ಉಳಿಸುವಾಗ ವರ್ಡ್ ಚಿತ್ರಗಳನ್ನು ಕುಗ್ಗಿಸುತ್ತದೆ. ಊಟದ ಫೋಟೋಗೆ ಗೊತ್ತಾಗುವುದಿಲ್ಲ, ಅಜ್ಜನ ಪೆನ್ಸಿಲ್ ಗೀಟಿಗೆ ಗೊತ್ತಾಗುತ್ತದೆ. ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಅಂತ ಹೋಗಿ, ಈ ಫೈಲಿನ ಚಿತ್ರಗಳನ್ನು ಕುಗ್ಗಿಸಬೇಡ ಅನ್ನುವ ಗುರುತು ಹಾಕಬೇಕು. ಇದನ್ನು ಮೊದಲ ಚಿತ್ರ ಸೇರಿಸುವ ಮೊದಲೇ ಮಾಡಬೇಕು. ಕುಗ್ಗಿದ ಚಿತ್ರ ಮತ್ತೆ ಹಿಗ್ಗುವುದಿಲ್ಲ. ಹಾಗೆ ಮಾಡಿದರೆ ಫೈಲು ಭಾರವಾಗುತ್ತದೆ, ಮೇಲ್‌ನಲ್ಲಿ ಹೋಗುವುದಿಲ್ಲ. ಹತ್ತು ಹತ್ತು ವರ್ಷಕ್ಕೆ ಒಂದು ಫೈಲ್ ಅಂತ ಒಡೆದದ್ದು ಅದಕ್ಕೇ.

ಕನ್ನಡ ಟೈಪು ಚೆನ್ನಾಗಿ ಕಾಣುವುದಕ್ಕೆ ಒಂದೆರಡು ಮಾತು. ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿ ಅಂತ ಬೇರೆ ಲೆಕ್ಕ ಇಡುತ್ತದೆ. ಮೇಲಿನ ಪಟ್ಟಿಯಲ್ಲಿ ಫಾಂಟು ಬದಲಾಯಿಸಿದರೂ ಅಕ್ಷರ ಹಾಗೇ ಇದೆ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ ಜನ. ಫಾಂಟಿನ ಪೂರ್ತಿ ಕಿಟಕಿ ತೆರೆದು ಸಂಕೀರ್ಣ ಲಿಪಿಯ ಜಾಗದಲ್ಲಿ ಫಾಂಟು, ಗಾತ್ರ ಎರಡನ್ನೂ ಕೊಡಬೇಕು. ಲಿಬ್ರೆ ಆಫೀಸಿನಲ್ಲೂ ಹೀಗೇ ಬೇರೆ ಜಾಗವಿದೆ. ಸಾಲುಗಳ ನಡುವಿನ ಅಂತರಕ್ಕೆ "ಎಕ್ಸಾಕ್ಟ್‌ಲಿ" ಕೊಡಬಾರದು. ಒತ್ತಿನ ಕೆಳಗೆ ಒತ್ತು ಬರುವ ಭಾಷೆ ನಮ್ಮದು, "ರಾಷ್ಟ್ರ"ದ ಬಾಲ ಕತ್ತರಿಸಿ ಹೋಗುತ್ತದೆ. ನಾನು ಬಳಸಿದ್ದು ನೋಟೋ ಸೆರಿಫ್ ಕನ್ನಡ. ದೊಡ್ಡಪ್ಪನ ಕನ್ನಡಕಕ್ಕೆ ಅದು ಸರಿಹೋಯಿತು.

ಅಂಚಿನ ಬರಹಗಳಿಗೆ ಬಂದಾಗ ನಿಜವಾದ ಪೇಚು. ಮಳೆ ಪುಸ್ತಕದಲ್ಲಿ ಮಳೆ ಮಾತ್ರ ಇರುವುದಿಲ್ಲ. ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದದ್ದು, ಮೆಣಸಿನ ಧಾರಣೆ, ಹಸು ಕರು ಹಾಕಿದ್ದು, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡಿಸಿದ್ದು, ಯಾರಿಗೆ ಎಷ್ಟು ಕೊಟ್ಟದ್ದು, ಯಾರು ವಾಪಸ್ ಕೊಟ್ಟಿಲ್ಲ ಅನ್ನುವುದು. ಕೊನೆಯದ್ದನ್ನು ದೊಡ್ಡಪ್ಪ ಕಂಡ ಕೂಡಲೇ ಬೆರಳಿಟ್ಟರು. "ಇವರ ಮಕ್ಕಳು ಈಗ ನಮ್ಮನೆಗೆ ಬಂದು ಹೋಗ್ತಾರೆ. ಇದು ಯಾರ ಕಣ್ಣಿಗೂ ಬೀಳಬಾರದು."

ಟೈಪ್ ಮಾಡದೆ ಬಿಡುವುದು ಸುಲಭ. ಚಿತ್ರದಲ್ಲಿ ಮರೆಮಾಡುವುದು ಅಷ್ಟು ಸುಲಭವಲ್ಲ. ಅಂಚನ್ನು ಕ್ರಾಪ್ ಮಾಡಿದರೆ ಆಯ್ತಲ್ಲ ಅಂತ ಅಣ್ಣ. ವರ್ಡ್‌ನಲ್ಲಿ ಕ್ರಾಪ್ ಮಾಡಿದ ಭಾಗ ಅಳಿದು ಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೇ. ಫೈಲು ಪಡೆದವರು ಯಾರು ಬೇಕಾದರೂ ಮತ್ತೆ ಎಳೆದು ನೋಡಬಹುದು. ಕಪ್ಪು ಚೌಕ ಒಂದನ್ನು ಮೇಲೆ ಇಟ್ಟರೂ ಅದೇ ಕಥೆ, ಸರಿಸಿದರೆ ಕೆಳಗೆ ಹೆಸರು ಹಾಗೇ ಇರುತ್ತದೆ. ಚಿತ್ರ ಕುಗ್ಗಿಸುವ ಕಿಟಕಿಯಲ್ಲಿ ಕತ್ತರಿಸಿದ ಭಾಗವನ್ನು ಅಳಿಸು ಅನ್ನುವ ಆಯ್ಕೆ ಇದೆ, ಅದು ನಿಜವಾಗಿ ತೆಗೆಯುತ್ತದೆ. ಅದಕ್ಕಿಂತಲೂ ನನಗೆ ನಂಬಿಕೆ ಬಂದದ್ದು ಫೈಲಿಗೆ ಸೇರಿಸುವ ಮೊದಲೇ ಚಿತ್ರವನ್ನು ಪೇಂಟ್‌ನಲ್ಲಿ ತೆರೆದು ಆ ಜಾಗವನ್ನು ಬಳಿದು ಹೊಸ ಚಿತ್ರವಾಗಿ ಉಳಿಸುವುದು. ಮೂಲ ಚಿತ್ರಗಳು ದೊಡ್ಡಪ್ಪನ ಬಳಿಯ ಪೆನ್‌ಡ್ರೈವ್‌ನಲ್ಲಿ ಮಾತ್ರ ಇವೆ. ಮನೆಯ ಹಳೆಯ ಲೆಕ್ಕ, ಪತ್ರ ಸೇರಿಸಿ ಹಂಚುವವರು ಯಾರೇ ಆಗಲಿ, ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೋಡಿಕೊಳ್ಳಬೇಕು.

ಅಂಚಿನಲ್ಲಿ ಇನ್ನೊಂದು ಬಗೆಯ ಬರಹ ಇತ್ತು, ಈಗಿನವರಿಗೆ ಅರ್ಥವಾಗದ್ದು. "ಪೂಲಿಗೆ ಹೋಯಿತು" ಅಂತ ಒಂದು ಕಡೆ, "ಪೂಲ್ ಹಣ ಎರಡನೇ ಕಂತು" ಅಂತ ಇನ್ನೊಂದು ಕಡೆ. ಅಣ್ಣನ ಮಗಳು ಕೇಳಿದ್ದು ಈಜುಕೊಳವಾ ಅಂತ. 1996ರವರೆಗೂ ಬೆಳೆಗಾರರು ಕಾಫಿಯನ್ನು ತಮಗೆ ಬೇಕಾದವರಿಗೆ ಪೂರ್ತಿ ಮಾರುವ ಹಾಗಿರಲಿಲ್ಲ, ಎಲ್ಲರ ಕಾಫಿಯನ್ನೂ ಒಟ್ಟುಮಾಡಿ ಮಾರುವ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು. 90ರ ದಶಕದ ಮೊದಲಿಗೆ ಒಂದು ಪಾಲು, ಆಮೇಲೆ ಅರ್ಧ, ಕೊನೆಗೆ ಪೂರ್ತಿ ಬಿಡುಗಡೆಯಾಯಿತು. ಹಣ ಕಂತಿನಲ್ಲಿ ಬರುತ್ತಿತ್ತು. ಇದನ್ನು ನಾನು ಟೈಪ್ ಮಾಡಬಹುದಿತ್ತು. ದೊಡ್ಡಪ್ಪನೇ ಬರೆದರೆ ಚೆನ್ನ ಅನ್ನಿಸಿತು. ಅಪ್ಪನ ಅಕ್ಷರದ ಪಕ್ಕ ಮಗನ ಅಕ್ಷರ.

ಮೊದಲು ಫೋನಿನಲ್ಲಿ ನೋಡಿದೆವು. ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡಕ್ಕೆ ಕೈಬರಹದ ಕೀಲಿಮಣೆ ಇದೆ. ಬೆರಳಲ್ಲಿ ಬರೆದರೆ ಅದು ಟೈಪಾದ ಅಕ್ಷರವಾಗುತ್ತದೆ. ಟೈಪಿಂಗ್ ಬಾರದ ಹಿರಿಯರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಿಡಿ ಬಿಡಿಯಾಗಿ ಬರೆದರೆ ಚೆನ್ನಾಗಿ ಹಿಡಿಯುತ್ತದೆ. ದೊಡ್ಡಪ್ಪ ಅದರಲ್ಲಿ ನಾಲ್ಕು ಸಾಲು ಬರೆದು ತೆರೆ ನೋಡಿದರು. "ನಾನು ಬರ್ದಿದ್ದೆಲ್ಲಿ ಹೋಯ್ತು?" ಅಕ್ಷರ ಸರಿಯಾಗಿಯೇ ಬಂದಿತ್ತು. ಆದರೆ ಅವರ ಬರಹ ಮಾಯವಾಗಿ ಅಚ್ಚಿನ ಅಕ್ಷರ ಕೂತಿತ್ತು. ಅವರಿಗೆ ಬೇಡವಾದದ್ದೇ ಅದು.

ಆಮೇಲೆ ಅಣ್ಣನ ಮಗಳ ಟಚ್ ಸ್ಕ್ರೀನ್ ಲ್ಯಾಪ್‌ಟಾಪು, ಅದರ ಪೆನ್ನು. ವರ್ಡ್‌ನಲ್ಲಿ ಡ್ರಾ ಅನ್ನುವ ಟ್ಯಾಬಿನಲ್ಲಿ ಪೆನ್ನು ಆರಿಸಿ ನೇರವಾಗಿ ಪುಟದ ಮೇಲೆ ಬರೆಯಬಹುದು. ಹಾಗೆ ಬರೆದದ್ದು ಟೈಪಾಗುವುದಿಲ್ಲ, ಮಸಿಯ ಗೆರೆಯಾಗಿಯೇ ಉಳಿಯುತ್ತದೆ. ಆದರೆ ಪುಟದ ಮೇಲೆ ಎಲ್ಲೆಂದರಲ್ಲಿ ಬರೆದರೆ ಆ ಗೆರೆಗಳು ತೇಲುತ್ತವೆ, ಪಠ್ಯ ಸರಿದರೆ ಯಾವುದೋ ಬೇರೆ ತಿಂಗಳ ಪಕ್ಕ ನಿಲ್ಲಬಹುದು. ಅದೇ ಟ್ಯಾಬಿನಲ್ಲಿ ಡ್ರಾಯಿಂಗ್ ಕ್ಯಾನ್ವಾಸ್ ಅಂತ ಇದೆ. ಒಂದು ಚೌಕ ಬರುತ್ತದೆ, ಅದರೊಳಗೆ ಬರೆದದ್ದೆಲ್ಲ ಒಂದೇ ಗಂಟು. ಆ ಚೌಕವನ್ನು ಟೇಬಲ್ಲಿನ ಕೆಳಗೆ ಒಂದು ಸಾಲಾಗಿ ಕೂರಿಸಿದರೆ ಪಠ್ಯದ ಜೊತೆಗೇ ಚಲಿಸುತ್ತದೆ. ಬೆರಳಿನಿಂದ ಬರೆಯುವ ಆಯ್ಕೆಯನ್ನು ಆಫ್ ಮಾಡಿಬಿಡಬೇಕು, ಇಲ್ಲದಿದ್ದರೆ ತೆರೆಗೆ ತಾಗಿದ ಅಂಗೈ ಕೂಡ ಗೆರೆ ಎಳೆಯುತ್ತದೆ.

ಗಾಜಿನ ಮೇಲೆ ಪೆನ್ನು ಜಾರುತ್ತದೆ ಅಂತ ದೊಡ್ಡಪ್ಪನ ದೂರು. ಅಕ್ಷರ ಎರಡರಷ್ಟು ದೊಡ್ಡದಾಗಿ ಬಂತು. ಪರವಾಗಿಲ್ಲ, ಕ್ಯಾನ್ವಾಸನ್ನು ಆಮೇಲೆ ಚಿಕ್ಕದು ಮಾಡಿದೆ. ಪೂಲಿನ ಕಥೆ ಬರೆದರು. "ಹೂ ಮಳೆ ಕೈಕೊಟ್ಟ ವರ್ಷ" ಅಂತ ಒಂದು ಪುಟದ ಕೆಳಗೆ ಬರೆದು, ಹೊಳೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾಕಿದ್ದನ್ನು ಬರೆದರು. ಅದೇ ಟ್ಯಾಬಿನಲ್ಲಿ ಇಂಕ್ ರಿಪ್ಲೇ ಅಂತ ಒಂದು ಗುಂಡಿ ಇದೆ. ಒತ್ತಿದರೆ ಬರೆದದ್ದೆಲ್ಲ ಅಳಿದು, ಬರೆದ ಕ್ರಮದಲ್ಲೇ ಮತ್ತೆ ಒಂದೊಂದು ಗೆರೆಯಾಗಿ ಮೂಡುತ್ತದೆ. ದೊಡ್ಡಪ್ಪ ತಲೆಕಟ್ಟನ್ನು ಕೊನೆಗೆ ಹಾಕುತ್ತಾರೆ ಅಂತ ನನಗೆ ಗೊತ್ತಾದದ್ದು ಆಗ. ಪೂರ್ತಿ ಶಬ್ದ ಬರೆದು, ಹಿಂದೆ ಹೋಗಿ, ಟಕ ಟಕ ಅಂತ ಎಲ್ಲದಕ್ಕೂ ಒಟ್ಟಿಗೆ. ಮನೆಯವರೆಲ್ಲ ಸುತ್ತ ನಿಂತು ಅದನ್ನೇ ಮತ್ತೆ ಮತ್ತೆ ನೋಡಿದರು. "ನಮ್ಮ ಮೇಷ್ಟ್ರು ಹಾಗೇ ಕಲಿಸಿದ್ದು" ಅಂದರು ದೊಡ್ಡಪ್ಪ, ಸ್ವಲ್ಪ ನಾಚಿಕೊಂಡು.

ಉದ್ದ ಬರೆಯುವಾಗ ಮಾತ್ರ ಅವರಿಗೆ ಕಾಗದವೇ ಬೇಕು. ಹಾಗಾಗಿ ಮುನ್ನುಡಿಯನ್ನು ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಬರೆಸಿ ಫೋಟೋ ತೆಗೆದೆ. ಬಿಳಿ ಹಾಳೆ ಫೋಟೋದಲ್ಲಿ ಬೂದಿ ಬಣ್ಣಕ್ಕೆ ಬರುತ್ತದೆ. ವರ್ಡ್‌ನಲ್ಲೇ ಹೊಳಪು, ಕಾಂಟ್ರಾಸ್ಟ್ ಏರಿಸಿ, ಬಣ್ಣದ ಆಯ್ಕೆಯಲ್ಲಿ ಹಿನ್ನೆಲೆಯ ಬಿಳಿಯನ್ನು ಪಾರದರ್ಶಕ ಮಾಡಿದರೆ ಪುಟದ ಮೇಲೇ ಬರೆದ ಹಾಗೆ ಕಾಣುತ್ತದೆ. ಸಹಿಗೂ ಅದೇ ಉಪಾಯ. ಪ್ರತಿ ಚಿತ್ರದ ಕೆಳಗೆ ಟೈಪು ಮಾಡಿದ ಒಂದು ಸಾಲು, ವರ್ಷ, ತಿಂಗಳು, ಬರೆದವರು ಅಜ್ಜನೋ ದೊಡ್ಡಪ್ಪನೋ ಅಂತ. ಕೈಬರಹದ ಒಳಗೆ ಕಂಪ್ಯೂಟರ್ ಹುಡುಕುವುದಿಲ್ಲ. ಈ ಒಂದು ಸಾಲು ಇದ್ದರೆ ಕನಿಷ್ಠ ಪುಟವಾದರೂ ಸಿಗುತ್ತದೆ.

ಮುದ್ರಣಕ್ಕೆ ಪಟ್ಟಣದ ಒಂದು ಡಿಟಿಪಿ ಅಂಗಡಿಗೆ ವರ್ಡ್ ಫೈಲನ್ನೇ ಒಯ್ದಿದ್ದ ಅಣ್ಣ. ಅವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟು ಇಲ್ಲ, ವರ್ಡ್ ಕೂಡ ಹಳೆಯದು. ಸಾಲುಗಳೆಲ್ಲ ಉದ್ದವಾಗಿ ಪುಟ ಮುರಿದು, ದೊಡ್ಡಪ್ಪನ ಪೆನ್ನಿನ ಬರಹ ಟೇಬಲ್ಲಿನ ಮೇಲೆ ಹತ್ತಿ ಕೂತಿತ್ತಂತೆ. ಪಿಡಿಎಫ್ ಕಳಿಸಿದೆ. ಅದರಲ್ಲಿ ಫಾಂಟು ಒಳಗೇ ಸೇರಿಕೊಂಡಿರುವುದರಿಂದ ಯಾವ ಯಂತ್ರದಲ್ಲೂ ಒಂದೇ ಥರ. ಮನೆಮಂದಿಗೆ ಹಂಚಿದ್ದೂ ಅದನ್ನೇ. ವರ್ಡ್ ಫೈಲು ಅಣ್ಣನ ಬಳಿ ಮತ್ತು ನನ್ನ ಬಳಿ ಮಾತ್ರ.

ಪುಸ್ತಕ ಮುಗಿದರೂ ಮಳೆ ಮುಗಿಯುವುದಿಲ್ಲವಲ್ಲ. ಇನ್ನು ಮುಂದಿನ ತಿಂಗಳುಗಳಿಗೆ ವರ್ಡ್‌ನಲ್ಲೇ ಒಂದು ಖಾಲಿ ನಮೂನೆ ಮಾಡಿದೆ. ತಾರೀಕು, ಇಂಚು, ಸೆಂಟ್, ಮಳೆ, ಷರಾ. ಇಂಚಿಗೂ ಸೆಂಟಿಗೂ ಬೇರೆ ಬೇರೆ ಕಾಲಮ್ಮು, "1-5"ರ ಗೊಂದಲ ಇರಬಾರದು ಅಂತ. ಅಚ್ಚು ಹಾಕಿ ಫೈಲಿಗೆ ಪಂಚ್ ಮಾಡಿಟ್ಟರೆ ದೊಡ್ಡಪ್ಪ ಪೆನ್ನಿನಲ್ಲಿ ತುಂಬುತ್ತಾರೆ. ತಿಂಗಳ ಕೊನೆಗೆ ಅಣ್ಣ ಫೋಟೋ ಕಳಿಸುತ್ತಾನೆ, ನಾನು ಎಡಕ್ಕೆ ಅದನ್ನು ಹಾಕಿ ಬಲಕ್ಕೆ ಟೈಪ್ ಮಾಡುತ್ತೇನೆ.

ನಮೂನೆ ನೋಡಿ ದೊಡ್ಡಪ್ಪ ಹೇಳಿದ್ದು ಒಂದೇ ಮಾತು. "ಷರಾ ಬರೆಯೋಕೆ ಇಷ್ಟೇ ಜಾಗಾನಾ? ಇದರಲ್ಲಿ ಒಂದು ಹಸುವಿನ ಸುದ್ದಿಯೂ ಹಿಡಿಯಲ್ಲ ಕಣೇ." ಸಾಲಿನ ಎತ್ತರ ಜಾಸ್ತಿ ಮಾಡಿ ಮತ್ತೆ ಕಳಿಸಿದ್ದೇನೆ. ಜುಲೈಗೆ ಎರಡು ಹಾಳೆ ಬೇಕಾಗುತ್ತದೆ ಅಂತ ಈಗಲೇ ಹೇಳಿದ್ದಾರೆ.